108 ಮತಗಳ ಗೆಲುವು, ತೆರೆಯದೇ ಉಳಿದ ಪೆಟ್ಟಿಗೆಗಳು

ಇವತ್ತು 1792ರ ನ್ಯೂಯಾರ್ಕ್ ಗವರ್ನರ್ ಚುನಾವಣೆ ಬಗ್ಗೆ ಮಾತಾಡೋಣ. ನಮ್ಮಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸ್ತಾರೆ. ಆದ್ರೆ ನ್ಯೂಯಾರ್ಕ್‌ನಲ್ಲಿ ಗವರ್ನರ್ ಅಂದ್ರೆ ಮತದಾರರೇ ಆರಿಸೋ ಆಡಳಿತದ ಮುಖ್ಯಸ್ಥ. ಮತದಾರರು ಅಂದ್ರೆ ಎಲ್ಲರೂ ಅಲ್ಲ, ಕನಿಷ್ಠ 100 ಪೌಂಡ್ ಬೆಲೆಯ ಜಮೀನಿದ್ದ ಗಂಡಸರು ಮಾತ್ರ.

ಕಣದಲ್ಲಿ ಇಬ್ಬರು. 1777ರಿಂದಲೂ ಗವರ್ನರ್ ಆಗಿದ್ದ ಜಾರ್ಜ್ ಕ್ಲಿಂಟನ್ ಮತ್ತು ಅಮೆರಿಕ ಸುಪ್ರೀಂ ಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ ಜಾನ್ ಜೇ. ಜೇ ಆ ಹುದ್ದೆಯಲ್ಲಿ ಇದ್ದುಕೊಂಡೇ ಸ್ಪರ್ಧಿಸಿದ್ರು!

ಏಪ್ರಿಲ್‌ನಲ್ಲಿ ಮತದಾನ ಆಯ್ತು. ಪ್ರತಿ ಕೌಂಟಿಯ ಶೆರಿಫ್ ಮತಪೆಟ್ಟಿಗೆ ಕಳಿಸಬೇಕು, ಶಾಸಕರ ಸಮಿತಿ ಎಣಿಸಬೇಕು. ಗಲಾಟೆ ಶುರುವಾಗಿದ್ದೇ ಇಲ್ಲಿ. ಜೇಗೆ ಹೆಚ್ಚು ಬೆಂಬಲ ಇದ್ದ ಒಟ್ಸೆಗೊ ಕೌಂಟಿಯಲ್ಲಿ ಹಳೇ ಶೆರಿಫ್ ಅವಧಿ ಮುಗಿದಿತ್ತು, ಹೊಸಬರು ಇನ್ನೂ ಅಧಿಕಾರ ವಹಿಸಿಕೊಂಡಿರಲಿಲ್ಲ. ಹಳಬರೇ ಪೆಟ್ಟಿಗೆ ಕಳಿಸಿದ್ರು. ಟಿಯೋಗಾ, ಕ್ಲಿಂಟನ್ ಕೌಂಟಿಗಳ ಪೆಟ್ಟಿಗೆ ತಲುಪಿಸಿದವರ ಅಧಿಕಾರದ ಬಗ್ಗೆಯೂ ತಕರಾರು ಬಂತು.

ಇಬ್ಬರು ಸೆನೆಟರ್‌ಗಳ ಅಭಿಪ್ರಾಯ ಕೇಳಿದ್ರು. ರೂಫಸ್ ಕಿಂಗ್ ಎಣಿಸಿ ಅಂದ್ರು, ಏರನ್ ಬರ್ ಬೇಡ ಅಂದ್ರು. ಸಮಿತಿಯಲ್ಲಿ ಕ್ಲಿಂಟನ್ ಕಡೆಯವರೇ ಬಹುಮತ. ಮೂರೂ ಕೌಂಟಿಗಳ ಮತಗಳು ತಿರಸ್ಕೃತ! ಫಲಿತಾಂಶ: ಕ್ಲಿಂಟನ್ 8,440, ಜೇ 8,332. ಅಂತರ ಬರೀ 108.

ನನಗೆ ಕಾಡೋದು ಇದು: ಮತ ಹಾಕಿದವರದ್ದು ಯಾವ ತಪ್ಪೂ ಇರಲಿಲ್ಲ. ಪೆಟ್ಟಿಗೆ ಸಾಗಿಸಿದವರ ಕಾಗದಪತ್ರ ಸರಿಯಿಲ್ಲ ಅಂತ ಅವರ ಮತ ಹೋಯ್ತು. ನಿಯಮ ಬೇಕು, ನಿಜ. ಆದ್ರೆ ನಿಯಮದ ಅರ್ಥ ಹೇಳೋರೇ ಒಂದು ಪಕ್ಷದವರಾದ್ರೆ?

ಜೇ ಬೆಂಬಲಿಗರು ರೊಚ್ಚಿಗೆದ್ದರು. ಜೇ ಮಾತ್ರ ಶಾಂತವಾಗಿರಿ ಅಂದ್ರು. 1795ರಲ್ಲಿ, ಒಪ್ಪಂದದ ಕೆಲಸಕ್ಕೆ ಇಂಗ್ಲೆಂಡಿಗೆ ಹೋಗಿದ್ದವರು ವಾಪಸ್ ಬರೋ ಹೊತ್ತಿಗೆ ಗವರ್ನರ್ ಆಗಿ ಗೆದ್ದಿದ್ರು.

ಇನ್ನೊಂದು ವಿಷಯ ಕೇಳಿ. 1800ರಲ್ಲಿ ರಾಜ್ಯದ ಶಾಸನಸಭೆ ಎದುರು ಪಕ್ಷದ ಕೈಗೆ ಹೋಯ್ತು. ಅಧ್ಯಕ್ಷರನ್ನು ಆರಿಸೋ ಎಲೆಕ್ಟರ್‌ಗಳನ್ನು ನೇಮಿಸ್ತಿದ್ದಿದ್ದು ಇದೇ ಸಭೆ. ಹೊಸ ಸದಸ್ಯರು ಬರೋ ಮೊದಲೇ ಹಳೇ ಸಭೆ ಕರೆದು ಆ ನಿಯಮ ಬದಲಿಸಿ ಅಂತ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಜೇಗೆ ಪತ್ರ ಬರೆದ್ರು. ಇಬ್ಬರೂ ಒಂದೇ ಪಕ್ಷ. ಪಕ್ಷದ ಲಾಭಕ್ಕಾಗಿ ಇಂಥದ್ದು ಮಾಡೋದು ತನಗೆ ತಕ್ಕದ್ದಲ್ಲ ಅಂತ ಜೇ ಆ ಪತ್ರದ ಮೇಲೇ ಬರೆದಿಟ್ಟರು. ಸಭೆ ಕರೀಲಿಲ್ಲ.

1792ರಲ್ಲಿ ಅವರಿಗೆ ಸಿಗದೇ ಹೋದ ನ್ಯಾಯವನ್ನ, 1800ರಲ್ಲಿ ಅವರೇ ಎದುರಾಳಿಗಳಿಗೆ ಕೊಟ್ಟರು. ಮುಂದಿನ ಸಂಚಿಕೆಯಲ್ಲಿ ಸಿಗೋಣ.