ಮಣಿ ಸಿಗೋದಕ್ಕೂ ಮುಂಚಿನ ಹನುಮಂತು

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಇವತ್ತು ಒಂದು ಪ್ರಶ್ನೆ. ನಾಳೆ ಬೆಳಿಗ್ಗೆ ನಿಮಗೆ ಸೂಪರ್ ಪವರ್ ಸಿಕ್ಕಿಬಿಟ್ಟರೆ ಮೊದಲು ಏನು ಮಾಡ್ತೀರಿ?

ಯೋಚನೆ ಮಾಡ್ತಾ ಇರಿ. ಅಷ್ಟರಲ್ಲಿ ‘ಹನುಮಾನ್’ ಸಿನಿಮಾ ಬಗ್ಗೆ ಮಾತಾಡೋಣ. ಕಥೆಯ ಕೆಲವು ಗುಟ್ಟುಗಳು ರಟ್ಟಾಗ್ತವೆ. ಇನ್ನೂ ನೋಡಿಲ್ಲ ಅನ್ನೋರು ಇಲ್ಲೇ ಪಾಸ್ ಮಾಡಿ, ನೋಡ್ಕೊಂಡು ಬನ್ನಿ.

2024ರ ಜನವರಿ 12, ಸಂಕ್ರಾಂತಿ ಸಮಯ. ತೆಲುಗಿನಲ್ಲಿ ಅದೇ ದಿನ ಮಹೇಶ್ ಬಾಬು ಅವರ ‘ಗುಂಟೂರು ಕಾರಂ’ ಬಂತು. ಅದರ ಎದುರಿಗೆ ಪ್ರಶಾಂತ್ ವರ್ಮಾ ನಿರ್ದೇಶನದ, ತೇಜ ಸಜ್ಜ ಅನ್ನೋ ಹುಡುಗನ ಸಿನಿಮಾ ನಿಲ್ಲುತ್ತಾ ಅಂತ ಎಲ್ಲರಿಗೂ ಅನುಮಾನ. ಆದರೆ ಅದು ನಿಂತಿದ್ದಷ್ಟೇ ಅಲ್ಲ, ದೇಶದ ತುಂಬಾ ಓಡಿತು.

ಕಥೆ ನಡೆಯೋದು ಅಂಜನಾದ್ರಿ ಅನ್ನೋ ಕಾಲ್ಪನಿಕ ಹಳ್ಳಿಯಲ್ಲಿ. ಹೆಸರು ಕೇಳಿದ ತಕ್ಷಣ ನಮಗೆ ನೆನಪಾಗೋದು ಕೊಪ್ಪಳ ಜಿಲ್ಲೆಯ ಆನೆಗೊಂದಿ ಹತ್ತಿರದ ಬೆಟ್ಟ, ಅಲ್ವಾ? 575 ಮೆಟ್ಟಿಲು ಹತ್ತಿ ಮೇಲೆ ಹೋದರೆ ಸುತ್ತ ಬರೀ ಬಂಡೆ, ಕೆಳಗೆ ಭತ್ತದ ಗದ್ದೆ, ಆಚೆ ತುಂಗಭದ್ರೆ. ಹನುಮ ಹುಟ್ಟಿದ್ದು ಅಲ್ಲೇ ಅನ್ನೋದು ನಮ್ಮ ಕಡೆಯ ನಂಬಿಕೆ. ತಿರುಮಲದಲ್ಲೂ ಒಂದು ಅಂಜನಾದ್ರಿ ಇದೆ, ಅಲ್ಲಿಯವರ ನಂಬಿಕೆ ಅವರಿಗೆ. ಸಿನಿಮಾ ಈ ಜಗಳಕ್ಕೇ ಹೋಗಲ್ಲ. ಹೆಸರು ಮಾತ್ರ ತಗೊಂಡು ತನ್ನದೇ ಊರು ಕಟ್ಟುತ್ತೆ.

ಆ ಊರಲ್ಲಿ ಹನುಮಂತು ಒಬ್ಬ ಚಿಲ್ಲರೆ ಕಳ್ಳ. ಅಕ್ಕ ಅಂಜಮ್ಮ ದುಡಿದು ಸಾಕ್ತಾಳೆ. ಇವನ ಕೈಗೆ ಒಂದು ಕೆಂಪು ಮಣಿ ಸಿಗುತ್ತೆ. ರುಧಿರಮಣಿ ಅಂತ ಅದರ ಹೆಸರು. ಪುರಾಣದ ಕಥೆ ಗೊತ್ತಲ್ಲ? ಬಾಲ ಹನುಮ ಸೂರ್ಯನನ್ನ ಹಣ್ಣು ಅಂದ್ಕೊಂಡು ಹಾರಿದ, ಇಂದ್ರ ವಜ್ರಾಯುಧದಿಂದ ಹೊಡೆದ. ಆಗ ಬಿದ್ದ ಒಂದು ಹನಿ ರಕ್ತವೇ ಮಣಿ ಆಯ್ತು ಅಂತ ಸಿನಿಮಾದವರು ಸೇರಿಸಿದ್ದಾರೆ. ಅದಕ್ಕೊಂದು ಷರತ್ತೂ ಇಟ್ಟಿದ್ದಾರೆ: ಬಿಸಿಲಿದ್ದರೆ ಮಾತ್ರ ಶಕ್ತಿ. ಕತ್ತಲಾದರೆ ಹನುಮಂತು ಮತ್ತೆ ಸಾಮಾನ್ಯ ಹುಡುಗ. ಸೂರ್ಯ ಹನುಮನ ಗುರು ಅಲ್ವಾ, ಹಾಗಾಗಿ ಈ ಷರತ್ತು ಹೊರಗಿನಿಂದ ತಂದು ಅಂಟಿಸಿದ ಹಾಗೆ ಕಾಣಲ್ಲ.

ಇನ್ನೊಂದು ಜಾಣತನ ನೋಡಿ. ಸಮುದ್ರಕನಿ ಮಾಡಿರೋ ಸಾಧುವಿನ ಪಾತ್ರ ನಿಜಕ್ಕೂ ಯಾರು? ವಿಭೀಷಣ. ಏಳು ಚಿರಂಜೀವಿಗಳಲ್ಲಿ ಒಬ್ಬ. ಸಾವೇ ಇಲ್ಲದವನು ಇವತ್ತೂ ಇರಬಹುದಲ್ಲ? ಪುರಾಣವನ್ನ ಇವತ್ತಿಗೆ ತರೋಕೆ ಟೈಮ್ ಮಷಿನ್ ಬೇಡ, ಒಬ್ಬ ಚಿರಂಜೀವಿ ಸಾಕು. ಅದೇ ವರ್ಷ ಜೂನ್‌ನಲ್ಲಿ ಬಂದ ‘ಕಲ್ಕಿ 2898 ಎಡಿ’ ಕೂಡ ಅಶ್ವತ್ಥಾಮನನ್ನ ಇಟ್ಕೊಂಡು ಇದೇ ದಾರಿ ಹಿಡೀತು.

ಈಗ ನನಗೆ ತುಂಬಾ ಕಾಡಿದ ವಿಷಯಕ್ಕೆ ಬರ್ತೀನಿ. ಈ ಸಿನಿಮಾದ ವಿಲನ್ ಮೈಕೇಲ್. ಅವನಿಗೆ ಚಿಕ್ಕಂದಿನಿಂದ ಒಂದೇ ಹುಚ್ಚು, ಸೂಪರ್ ಹೀರೋ ಆಗಬೇಕು. ಸೂಪರ್ ಹೀರೋಗಳಿಗೆ ಅಪ್ಪ ಅಮ್ಮ ಇರಲ್ಲ ಅಂತ ತನ್ನ ಅಪ್ಪ ಅಮ್ಮನನ್ನೇ ಕೊಲ್ತಾನೆ! ಅವನಿಗೆ ಶಕ್ತಿ ಬೇಕು, ಆದರೆ ಯಾರಿಗೋಸ್ಕರ ಬೇಕು ಅಂತ ಕೇಳಿದರೆ ಉತ್ತರ ಇಲ್ಲ.

ಹನುಮಂತು? ಮೀನಾಕ್ಷಿಯನ್ನ ದರೋಡೆಕೋರರಿಂದ ಉಳಿಸೋಕೆ ಹೋಗಿ ಏಟು ತಿಂದು ನೀರಿಗೆ ಬೀಳ್ತಾನೆ. ಮಣಿ ಸಿಗೋದು ಆಮೇಲೆ. ಗಮನಿಸಿ, ಅವನು ಮುನ್ನುಗ್ಗಿದಾಗ ಕೈಯಲ್ಲಿ ಯಾವ ಪವರ್ರೂ ಇರಲಿಲ್ಲ. ಭಯ ಇತ್ತು, ಆದರೂ ಹೋದ.

ರಾಮಾಯಣದ ಹನುಮಂತನಿಗೂ ತನ್ನ ಬಲ ಮರೆತು ಹೋಗಿತ್ತು. ಸಮುದ್ರದ ದಡದಲ್ಲಿ ಎಲ್ಲರೂ ಕೈಚೆಲ್ಲಿ ಕೂತಾಗ ಜಾಂಬವಂತ ನೆನಪಿಸಿದ. ಹೊಸದಾಗಿ ಏನನ್ನೂ ಕೊಡಲಿಲ್ಲ, ಇದ್ದದ್ದನ್ನೇ ನೆನಪಿಸಿದ. ನನ್ನ ತಕರಾರು ಇರೋದೂ ಇಲ್ಲೇ. ಮಣಿ ಬಂದ ಮೇಲೆ ಸಿನಿಮಾ ಗ್ರಾಫಿಕ್ಸ್ ಹಿಂದೆ ಓಡುತ್ತೆ, ಬಂಡೆ ಎತ್ತೋದು, ಹೊಡೆದಾಟ, ಶಿಳ್ಳೆ. ನಾನೂ ಶಿಳ್ಳೆ ಹಾಕಿದ್ದೀನಿ, ಸುಳ್ಳು ಯಾಕೆ ಹೇಳಲಿ! ಆದರೆ ಮಣಿಯೇ ಎಲ್ಲ ಕೆಲಸ ಮಾಡಿಬಿಟ್ಟರೆ ಜಾಂಬವಂತನಿಗೆ ಏನು ಕೆಲಸ?

ಮುಂದಿನ ಭಾಗ ‘ಜೈ ಹನುಮಾನ್’ನಲ್ಲಿ ನಮ್ಮ ರಿಷಬ್ ಶೆಟ್ಟಿ ಅವರೇ ಹನುಮಂತ ಅಂತ 2024ರ ಅಕ್ಟೋಬರ್‌ನಲ್ಲಿ ಘೋಷಣೆ ಆಯ್ತು. ಅದರಲ್ಲಾದರೂ ಆ ನೆನಪಿಸೋ ಗಳಿಗೆ ಸಿಗಲಿ ಅಂತ ನನ್ನ ಆಸೆ.

ಸರಿ, ಶುರುವಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ತಾ? ಈಗ ಪ್ರಶ್ನೆ ಸ್ವಲ್ಪ ಬದಲಾಯಿಸ್ತೀನಿ. ಪವರ್ ಸಿಗದೇ ಇದ್ದರೆ ನಾಳೆ ಯಾರ ಪರವಾಗಿ ಎದ್ದು ನಿಲ್ತೀರಿ? ಮತ್ತೆ ನಿಮ್ಮ ಗೆಳೆಯರಲ್ಲಿ ಯಾರಾದರೂ ಕೈಚೆಲ್ಲಿ ಕೂತಿದ್ದರೆ ಇವತ್ತೇ ಒಂದು ಫೋನ್ ಮಾಡಿ. ಜಾಂಬವಂತ ಆಗೋಕೆ ಮಣಿ ಬೇಕಾಗಿಲ್ಲ.