ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಬೇಕೆ?



“ಸದಸ್ಯರು ಇಲ್ಲಿ ಓದಬಹುದು; ಸದಸ್ಯರಲ್ಲದವರೂ ಓದಬಹುದು” ಎಂದು ವಾಚನಾಲಯದ ಬಾಗಿಲಿಗೆ ಅಂಟಿಸಿದರೆ, ಊರಿನಿಂದ ಹೊಸದಾಗಿ ಬಂದವನು ತಾನು ಯಾವ ಗುಂಪಿನವನೆಂದು ಯೋಚಿಸುತ್ತ ಹೊರಗೇ ನಿಂತಾನು. “ಎಲ್ಲರೂ ಓದಬಹುದು” ಎಂದರೆ ಸಾಕು. ಕಂಪ್ಯೂಟರಿಗೆ ಬರೆಯುವ ನಿಯಮಗಳಲ್ಲಿಯೂ ಇಂಥ ಸಿಕ್ಕು ಬೆಳೆಯುವುದುಂಟು.

ಫರೀದಾಬಾದ್, ನೋಯ್ಡಾಗಳಲ್ಲಿ ದುಡಿಯುವ ನಮ್ಮಲ್ಲಿ ಅನೇಕರ ಕಚೇರಿಗಳಲ್ಲಿ ಕಡತಗಳೆಲ್ಲ ಒಂದೇ ಯಂತ್ರದಲ್ಲಿರುತ್ತವೆ. ಅದು ಸರ್ವರ್. ಕಡತ ಕೇಳುವ ನಮ್ಮ ಮೇಜಿನ ಯಂತ್ರ ಕ್ಲೈಂಟ್. ಈ ವ್ಯವಹಾರದ ಪ್ರಸಿದ್ಧ ಪದ್ಧತಿಯೊಂದು ಎನ್.ಎಫ್.ಎಸ್. ಇದನ್ನು 1984ರಲ್ಲಿ ರೂಪಿಸಿದ್ದು ಸನ್ ಮೈಕ್ರೋಸಿಸ್ಟಮ್ಸ್. ಆ ಸಂಸ್ಥೆಯನ್ನು 1982ರಲ್ಲಿ ಕಟ್ಟಿದವರಲ್ಲಿ ದೆಹಲಿಯ ಐ.ಐ.ಟಿ.ಯಲ್ಲಿ ಓದಿದ ವಿನೋದ್ ಖೋಸ್ಲಾ ಒಬ್ಬರು.

ಇದರ 4ನೆಯ ಆವೃತ್ತಿಯಲ್ಲಿ ಕ್ಲೈಂಟ್ ತನ್ನ ಹೆಸರನ್ನೂ ಒಂದು ಗುರುತನ್ನೂ ಹೇಳಿಕೊಳ್ಳುತ್ತದೆ. ಯಂತ್ರ ನಿಂತು ಮತ್ತೆ ಹೊರಟರೆ ಗುರುತು ಬದಲಾಗುತ್ತದೆ. ಸರ್ವರಿನ ನಿಯಮವನ್ನು ಹೀಗೆ ಬರೆಯಬಹುದು: ಹೆಸರು ದಾಖಲೆಯಲ್ಲಿ ಇಲ್ಲದಿದ್ದರೆ ಹೊಸ ಸಂಖ್ಯೆ ಕೊಡು, ಹೆಸರಿದ್ದು ಗುರುತು ಬೇರೆಯಾದರೆ ಹೊಸ ಸಂಖ್ಯೆ ಕೊಡು, ಹೆಸರಿದ್ದು ಗುರುತೂ ಕೂಡಿದರೆ ಹಳೆಯ ಸಂಖ್ಯೆಯನ್ನೇ ಕೊಡು.

ಹೆಸರಿನ ಪ್ರಶ್ನೆ ಮೂರು ಸಲ ಬಂತು. ಇದನ್ನೇ, “ಹೆಸರಿದ್ದು ಗುರುತೂ ಕೂಡಿದರೆ ಹಳೆಯ ಸಂಖ್ಯೆ, ಇಲ್ಲವಾದರೆ ಹೊಸದು” ಎಂದರೆ ಮುಗಿಯಿತು. “ಎರಡೂ ನಿಜ ಎಂಬುದು ಸುಳ್ಳು” ಎಂದರೆ “ಒಂದಾದರೂ ಸುಳ್ಳು” ಎಂದೇ ಅರ್ಥ. ಈ ಸೂತ್ರಕ್ಕೆ 1806ರಲ್ಲಿ ಮಧುರೆಯಲ್ಲಿ ಹುಟ್ಟಿದ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್ನರ ಹೆಸರಿದೆ.

ಆದರೆ ಕ್ರಮ ತಪ್ಪಬಾರದು. ಮೊದಲು ಹೆಸರು, ಆಮೇಲೆ ಗುರುತು. ದಾಖಲೆಯೇ ಇಲ್ಲದಾಗ ಗುರುತನ್ನು ಯಾವುದರೊಡನೆ ಹೋಲಿಸುವುದು? ಹಾಗೆ ಹೋಲಿಸಹೊರಟರೆ ಸರ್ವರೇ ಕುಸಿದು ಬಿದ್ದೀತು.

ಇದು ಬರಿಯ ಅಂದದ ಮಾತಲ್ಲ. ನಡೆಯುತ್ತಿರುವ ಯಂತ್ರವನ್ನು ಹೊಸದಾಗಿ ಹೊರಟಿತೆಂದು ಸರ್ವರ್ ಬಗೆದರೆ, ಅದು ಕಡತಕ್ಕೆ ಹಾಕಿದ್ದ ಬೀಗ ಕಳಚುತ್ತದೆ. ಸಂಬಳದ ಒಂದೇ ಪಟ್ಟಿಯಲ್ಲಿ ಇಬ್ಬರು ಗುಮಾಸ್ತರು ಒಟ್ಟಿಗೆ ತಿದ್ದುವಂತಾದೀತು. ನಿಂತು ಹೊರಟ ಯಂತ್ರವನ್ನು ಹಳೆಯದೆಂದೇ ಬಗೆದರೆ ಹಳೆಯ ಬೀಗ ಹಾಗೆಯೇ ಉಳಿದು ಉಳಿದವರು ಕಾಯಬೇಕು. ಎರಡರಲ್ಲಿಯೂ ನಷ್ಟ ದುಡಿದವನಿಗೆ.

ಆದುದರಿಂದ ಯಾವ ನಿಯಮವನ್ನೇ ಆಗಲಿ, ಒಂದು ಸಾಲು ಹೊಡೆದುಹಾಕುವ ಮುನ್ನ ಎಲ್ಲ ಸಂದರ್ಭಗಳನ್ನೂ ಕಾಗದದ ಮೇಲೆ ಪಟ್ಟಿ ಮಾಡೋಣ. ಹಳೆಯ ನಿಯಮ, ಹೊಸ ನಿಯಮ ಎರಡೂ ಪ್ರತಿಯೊಂದಕ್ಕೂ ಒಂದೇ ಉತ್ತರ ಕೊಟ್ಟರೆ ಮಾತ್ರ ಹೊಡೆದುಹಾಕೋಣ. ರಜೆಯ ಅರ್ಜಿಗೂ ಪಡಿತರದ ನಮೂನೆಗೂ ಈ ಮಾತು ಸಲ್ಲುತ್ತದೆ.