ಸುಭದ್ರೆಯ ಪಾತ್ರ, ಕುಂದಗೋಳದ ಕಂಠ



ನಮ್ಮ ರಾಯಬಾಗದ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನಿದ್ದಾನೆ. ಹೋದ ವರ್ಷದವರೆಗೆ ಪ್ರಾರ್ಥನೆಗೆ ಅವನೇ ಮುಂದಾಳು. ಈ ವರ್ಷ ಕಂಠ ಒಡೆಯಿತು. ಷಡ್ಜ ಹಿಡಿದರೆ ದನಿ ಇನ್ನೆಲ್ಲಿಗೋ ಜಾರುತ್ತದೆ. ಹುಡುಗರು ನಕ್ಕರು, ಅವನು ಹಾಡುವುದನ್ನೇ ಬಿಟ್ಟ. ಅವನನ್ನು ಕೂರಿಸಿಕೊಂಡು ಕುಂದಗೋಳದ ರಾಮಭಾವು ಅವರ ಕಥೆ ಹೇಳಹೊರಟೆ. ಅವರು ಸೀರೆಯುಟ್ಟು ರಂಗಕ್ಕೆ ಬಂದು ನಾಯಕಿಯ ಪದಗಳನ್ನು ಹಾಡುತ್ತಿದ್ದರು ಎಂದೊಡನೆ ಹುಡುಗ ತಲೆಯೆತ್ತಿ, "ಮಂದಿ ನಗತಿರಲಿಲ್ಲೇನ್ರಿ ಸರ?" ಎಂದ. ಅವನಿಗೆ ಕೊಟ್ಟ ಉತ್ತರವನ್ನೇ ತಮ್ಮ ಮುಂದೆ ತುಸು ವಿಸ್ತರಿಸಿ ಇಡುತ್ತೇನೆ.

ಪಶ್ಚಿಮದವರಲ್ಲಿ ಆಪೆರಾ ಎಂಬ ಸಂಗೀತ ನಾಟಕವುಂಟಷ್ಟೆ. ಅದರಲ್ಲಿ ದುಃಖವನ್ನೂ ಕ್ರೋಧವನ್ನೂ ತುಂಬಿಕೊಂಡು ಹಾಡುವ ನಾಯಕಿಗೆ ಬರಿಯ ಇಂಪು ಸಾಲದು; ಇಡೀ ವಾದ್ಯವೃಂದದ ಘೋಷವನ್ನು ಸೀಳಿಕೊಂಡು ದನಿ ಕಡೆಯ ಸಾಲಿಗೆ ಮುಟ್ಟಬೇಕು. ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅಂಥ ಗಾಯಕಿ. ಆಕೆ 1935ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ರಂಗಮಂದಿರದಲ್ಲಿ ಮೊದಲ ಸಲ ಹಾಡಿದಳು; ನಾಟಕದಲ್ಲಿಯೂ ಕಚೇರಿಯಲ್ಲಿಯೂ ಹೆಸರು ಪಡೆದಳು. ನಮ್ಮ ಸೀಮೆಯಲ್ಲಿ ಆ ಸ್ಥಾನ ಯಾರದು ಎಂದು ಕೇಳಿದರೆ, ವಿಚಿತ್ರವೆನಿಸಿದರೂ ನಾನು ಒಬ್ಬ ಗಂಡಸಿನ ಹೆಸರು ಹೇಳುತ್ತೇನೆ.

ಮರಾಠಿ ಸಂಗೀತ ನಾಟಕವೆಂದರೆ ಅದು ಪರರ ಸೊತ್ತು ಎಂದು ನಮ್ಮಲ್ಲಿ ಕೆಲವರ ಎಣಿಕೆ. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ 1842ರಲ್ಲಿ ಸಾಂಗಲಿಯ ದರಬಾರಿನಲ್ಲಿ ಆಡಿತು. ಅದನ್ನು ಕಂಡ ದೊರೆಯ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು ಮರುವರ್ಷ ಸೀತಾ ಸ್ವಯಂವರವನ್ನು ಆಡಿಸಿದರು. ಅದೇ 1843ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು ಅಣ್ಣಾಸಾಹೇಬ ಕಿರ್ಲೋಸ್ಕರರು. 1880ರಲ್ಲಿ ಅವರ ಶಾಕುಂತಲ, 1882ರಲ್ಲಿ ಸೌಭದ್ರ. ಬಾವಿ ಆ ಕಡೆಯದಾದರೂ ಅದರ ಸೆಲೆ ಈ ಕಡೆಯದು. ಈ ಮಾತಿಗೆ ಯಾರೂ ಮುನಿಯಬೇಕಾಗಿಲ್ಲ.

ರಾಮಭಾವು ಹುಟ್ಟಿದ್ದು 1886ರಲ್ಲಿ. ಕಿರಾನಾದ ಅಬ್ದುಲ್ ಕರೀಮಖಾನ ಸಾಹೇಬರು ಅವರಿಗೆ ಗುರುಗಳಾಗಿ ದೊರೆತರು. ಖಾನಸಾಹೇಬರ ದನಿ ಎಳೆ ಎಳೆಯಾಗಿ ಬಿಚ್ಚುವ ರೇಶಿಮೆ. ಶಿಷ್ಯನ ಕಂಠವಾದರೋ ಹರೆಯಕ್ಕೆ ಬಂದಾಗ ಒಡೆದು ಒರಟಾಯಿತು, ಸುಲಭವಾಗಿ ಮಣಿಯದು. ಒಂದೊಂದು ಸ್ವರವನ್ನೂ ಹಿಡಿದು ನಿಲ್ಲಿಸಿ, ಉಸಿರನ್ನು ಅಳೆದು, ಮೇಲಕ್ಕೇರಿಸಿ ಇಳಿಸಿ ಅದನ್ನು ಪಳಗಿಸಬೇಕಾಯಿತು. ದನಿ ದೇವರು ಕೊಟ್ಟದ್ದು ಎನ್ನುವವರು ಈ ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿ. ನಮ್ಮ ಹುಡುಗ ಕಿವಿ ನಿಮಿರಿಸಿದ್ದು ಇಲ್ಲಿಯೇ.

ಇಷ್ಟು ಕಲಿತ ಶಿಷ್ಯ ನಾಟಕ ಕಂಪನಿ ಸೇರಿದ. ಖಾನಸಾಹೇಬರಿಗೆ ಅದು ಸರಿಬೀಳಲಿಲ್ಲ. ಅವರ ಅಂಜಿಕೆ ನ್ಯಾಯವಾದದ್ದೇ. ರಾಗವೆಂಬುದು ಬಿಡುವಾಗಿ ಬೆಳೆಯುವ ವಸ್ತು. ರಂಗದ ಮೇಲೆ ಕಥೆ ಮುಂದಕ್ಕೆ ಎಳೆಯುತ್ತದೆ, ಪ್ರೇಕ್ಷಕರು 'ಒನ್ಸ್ ಮೋರ್' ಎಂದು ಹಿಂದಕ್ಕೆ ಎಳೆಯುತ್ತಾರೆ. ಅಂದಿಗೆ ಧ್ವನಿವರ್ಧಕವಿಲ್ಲ. ಆರ್ಗನ್ನು, ತಬಲಾಗಳ ಮೇಲೆ ದನಿಯೇರಿಸಿ, ಕಡೆಯಲ್ಲಿ ಕುಳಿತವನಿಗೂ ಕೇಳಿಸಬೇಕು. ರಾತ್ರಿ ರಾತ್ರಿ ಹೀಗೆ ಹಾಡಿದರೆ ಎಂಥ ಕಂಠವಾದರೂ ಸವೆದೀತು. ಆದರೂ ರಂಗದಿಂದ ಅವರಿಗೆ ಲಾಭವೇ ಆಗಲಿಲ್ಲವೆಂದು ನಾನು ಹೇಳಲಾರೆ. ಸೌಭದ್ರದ ಸುಭದ್ರೆಯನ್ನೇ ನೋಡಿರಿ: ಮನಸ್ಸು ಅರ್ಜುನನ ಮೇಲೆ, ಅಣ್ಣ ಬಲರಾಮ ನಿಶ್ಚಯಿಸಿದ್ದು ದುರ್ಯೋಧನನಿಗೆ. ಅವಳ ಕಳವಳವನ್ನು ನಾಲ್ಕು ಸಾಲಿನ ಪದದಲ್ಲಿ ತುಂಬಬೇಕಾದವನಿಗೆ ಯಾವ ಸ್ವರದಲ್ಲಿ ಅಳು ಇದೆಯೆಂಬುದು ತಿಳಿದೇ ತೀರುತ್ತದೆ. ಮುಂದೆ ಬೈಠಕ್ಕಿನಲ್ಲಿ ಅವರು ಖ್ಯಾಲು ಹಾಡಿದಾಗ ಆ ಅರಿವು ವ್ಯರ್ಥವಾಗಿರಲಾರದು.

ಕನ್ನಡ ಮನೆಮಾತಿನ ಈ ಗವಾಯಿ ಮರಾಠಿ ರಂಗದ ಸ್ತ್ರೀಪಾತ್ರಗಳಲ್ಲಿ ಮನೆಮಾತಾದರು. ಆಗ ಬಾಲಗಂಧರ್ವರ ಕಾಲ. ಅಮರಾವತಿಯಲ್ಲಿ ಇವರ ಹಾಡು ಕೇಳಿದ ದಾದಾಸಾಹೇಬ ಖಾಪರ್ಡೆಯವರು 'ಸವಾಯಿ ಗಂಧರ್ವ' ಎಂದು ಕರೆದರು. ಸವಾಯಿ ಎಂದರೆ ಒಂದೂಕಾಲು. ಯಾರಿಗಿಂತ ಕಾಲುಭಾಗ ಮಿಗಿಲು ಎಂಬುದನ್ನು ಬಿಡಿಸಿ ಹೇಳಬೇಕೆ? ನಾನಂತೂ ಈ ತೂಕದ ಲೆಕ್ಕಕ್ಕೆ ಹೋಗುವುದಿಲ್ಲ, ಇಬ್ಬರೂ ದೊಡ್ಡವರು.

ರಂಗ ಬಿಟ್ಟ ಮೇಲೆ ಅವರು ಕಚೇರಿಗೂ ಪಾಠಕ್ಕೂ ಮರಳಿದರು. ಭೀಮಸೇನ ಜೋಶಿ, ಫಿರೋಜ್ ದಸ್ತೂರ್, ಬಸವರಾಜ ರಾಜಗುರು ಅವರಲ್ಲಿ ಕಲಿತರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡವರು ಗಂಗೂಬಾಯಿ ಹಾನಗಲ್ಲರು. ಇಲ್ಲೊಂದು ಸೋಜಿಗವಿದೆ. ಗುರು ಗಂಡಸಾಗಿ ಹೆಣ್ಣಿನ ಪದ ಹಾಡಿದರು. ಗಂಗೂಬಾಯಿಯವರ ಎಳೆಯ ವಯಸ್ಸಿನ ತೆಳುದನಿ ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಗಂಡುದನಿಯೆನ್ನುವಷ್ಟು ಗಂಭೀರವಾಯಿತು. ಆ ದನಿಯನ್ನು ಅವರು ಮರೆಮಾಚಲಿಲ್ಲ. ಅದರಲ್ಲೇ ಹಾಡಿ 2002ರಲ್ಲಿ ಪದ್ಮವಿಭೂಷಣರಾದರು. ಅವರು ತೀರಿಕೊಂಡದ್ದು 2009ರಲ್ಲಿ.

ಸವಾಯಿ ಗಂಧರ್ವರಿಗೆ 1940ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಬಡಿಯಿತು. ಅಲ್ಲಿಗೆ ಕಚೇರಿಗಳು ನಿಂತಂತೆಯೇ. 1952ರ ಸೆಪ್ಟೆಂಬರ್ 12ರಂದು ಕಾಲವಾದರು. ಮರುವರ್ಷ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ಕುಂದಗೋಳದ ನಾಡಗೀರ ವಾಡೆಯಲ್ಲಿಯೂ ಅವರ ಸ್ಮರಣೆ ನಡೆದುಬಂದಿದೆ. ರಂಗದ ಮೇಲೆ ಅವರು ಸುಭದ್ರೆಯಾಗಿ ನಿಂತ ರಾತ್ರಿಗಳು ಕಂಡವರ ಜೊತೆಗೇ ಹೋದವು. ಉಳಿದಿರುವುದು ಕೆಲವು ಹಳೆಯ ಗ್ರಾಮಾಫೋನ್ ತಟ್ಟೆಗಳು, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ.

ಅಂಥದೊಂದನ್ನು ಹುಡುಗನಿಗೆ ಕೇಳಿಸಿದೆ. ಗೊರಗೊರ ಸದ್ದಿನ ನಡುವೆ ದನಿ ಮೇಲಿನ ಷಡ್ಜಕ್ಕೆ ಹೋಗಿ ನಿಂತಿತು. ಇನ್ನೊಮ್ಮೆ ಹಚ್ಚಿರಿ ಎಂದ. ಖಾನಸಾಹೇಬರ ಸಮಾಧಿ ಮೀರಜದ ದರ್ಗಾದಲ್ಲಿದೆ, ಉರುಸಿನಲ್ಲಿ ಗವಾಯಿಗಳು ಬಂದು ಹಾಡುತ್ತಾರೆ ಎಂದು ಹೇಳಿದೆ. ನಮ್ಮ ಸ್ಟೇಶನ್ನಿನಿಂದ ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ದಾಟಿದರೆ ಮೀರಜ. ಉರುಸು ಯಾವಾಗ್ರಿ ಸರ, ಎಂದು ಕೇಳಿ ಹೋಗಿದ್ದಾನೆ.